ಪದವಿಯಿಂದ ದುಡಿಮೆಗೆ: ಅಧ್ಯಾಪಕರ ಪಾಲು



ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ದುಡಿಯುವ ಭಾರತದ ಸ್ಥಿತಿಗತಿ ಕುರಿತು 2023ರಲ್ಲಿ ಒಂದು ವರದಿ ಪ್ರಕಟಿಸಿತು. ಕೇಂದ್ರ ಸರ್ಕಾರದ 2021-22ರ ಶ್ರಮಬಲ ಸಮೀಕ್ಷೆಯ ಅಂಕಿಗಳನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸಿದ ಲೆಕ್ಕವೊಂದು ಅದರಲ್ಲಿದೆ. 25 ವರ್ಷದೊಳಗಿನ ಪದವೀಧರರಲ್ಲಿ ನಿರುದ್ಯೋಗದ ಪ್ರಮಾಣ ಶೇ. 42ಕ್ಕೂ ಹೆಚ್ಚು. 25ರಿಂದ 29ರ ವಯಸ್ಸಿನವರಲ್ಲಿ ಅದು ಶೇ. 23ರ ಆಸುಪಾಸಿಗೆ ಇಳಿಯುತ್ತದೆ. 30 ದಾಟಿದವರಲ್ಲಿ ಶೇ. 10ಕ್ಕಿಂತ ಕಡಿಮೆ, 35 ದಾಟಿದವರಲ್ಲಿ ಶೇ. 5ಕ್ಕಿಂತಲೂ ಕಡಿಮೆ. ವಯಸ್ಸಾದಂತೆ ಎಲ್ಲರಿಗೂ ಏನಾದರೊಂದು ಸಿಕ್ಕೇ ಸಿಗುತ್ತದೆ ಎಂದು ಇದನ್ನು ಓದಿ ಸಮಾಧಾನಪಡುವವರಿದ್ದಾರೆ. ನನಗೆ ಆ ಸಮಾಧಾನ ಸಾಧ್ಯವಾಗಿಲ್ಲ. ಇಪ್ಪತ್ತೊಂದಕ್ಕೆ ಪದವಿ ಮುಗಿಸಿದ ಹುಡುಗ ಹುಡುಗಿಯರು ಮುಂದಿನ ಎಂಟೊಂಬತ್ತು ವರ್ಷಗಳನ್ನು, ಬದುಕಿನ ಅತ್ಯಂತ ಚುರುಕಿನ ವರ್ಷಗಳನ್ನು, ತಡಕಾಡುತ್ತ ಕಳೆಯುತ್ತಾರೆ ಎಂಬುದೇ ಈ ಅಂಕಿಗಳ ಅರ್ಥ. ಹುಡುಕುವುದನ್ನೇ ಬಿಟ್ಟವರು ನಿರುದ್ಯೋಗಿಗಳ ಎಣಿಕೆಗೆ ಬರುವುದಿಲ್ಲ. ಮದುವೆಯಾಗಿ ಮನೆಯೊಳಗೆ ಉಳಿದ ಪದವೀಧರೆಯರು ಈ ಲೆಕ್ಕದಿಂದ ಸದ್ದಿಲ್ಲದೆ ಹೊರಬಿದ್ದಿರುತ್ತಾರೆ. ಕಾಯಲು ಮನೆಯಲ್ಲಿ ಅನುಕೂಲವಿದ್ದವರು ಕಾದು ಒಳ್ಳೆಯದನ್ನು ಹಿಡಿಯುತ್ತಾರೆ, ಇಲ್ಲದವರು ಸಿಕ್ಕಿದ್ದಕ್ಕೆ ಕೊರಳೊಡ್ಡುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಮಾನವ ಅಭಿವೃದ್ಧಿ ಸಂಸ್ಥೆಗಳು ಸೇರಿ 2024ರಲ್ಲಿ ಹೊರತಂದ ವರದಿಯ ಪ್ರಕಾರ, 2022ರಲ್ಲಿ ಯುವ ಪದವೀಧರರಲ್ಲಿ ನಿರುದ್ಯೋಗ ಶೇ. 29.1, ಓದುಬರಹ ಬಾರದ ಯುವಜನರಲ್ಲಿ ಶೇ. 3.4. ಬಡತನದಲ್ಲಿ ಕಾಯಲು ಪುರುಸೊತ್ತಿಲ್ಲ ಎಂಬುದು ಇದಕ್ಕೆ ಒಂದು ಕಾರಣ. ಓದಿದವರ ನಿರೀಕ್ಷೆಗೂ ಇರುವ ಕೆಲಸಗಳಿಗೂ ನಡುವಿನ ದಾರಿಯನ್ನು ಯಾರೂ ತೋರಿಸಿಲ್ಲ ಎಂಬುದು ಇನ್ನೊಂದು. ಆ ಎರಡನೆಯದರಲ್ಲಿ ವಿಶ್ವವಿದ್ಯಾಲಯದ ಪಾಲು ಎಷ್ಟು ಎಂಬುದೇ ಈ ಉಪನ್ಯಾಸದ ವಿಷಯ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ತನ್ನ ಶಕ್ತಿ ಏನೆಂದು ಗುರುತಿಸುವುದು, ಯಾವ ಬಗೆಯ ಕೆಲಸಗಳಿವೆ ಎಂದು ತಿಳಿಯುವುದು, ಅವುಗಳಲ್ಲಿ ಆರಿಸಿಕೊಳ್ಳುವುದು, ಒಂದು ಕೈಕೊಟ್ಟರೆ ಇನ್ನೊಂದಕ್ಕೆ ದಾಟುವುದು, ಇವೆಲ್ಲ ಕಲಿಯಬೇಕಾದ ಸಂಗತಿಗಳು. ಕಲಿಯಬೇಕಾದದ್ದನ್ನು ಕಲಿಸುವ ಹೊಣೆ ಕಲಿಸುವವರದು. ಕೊನೆಯ ಸೆಮಿಸ್ಟರಿನಲ್ಲಿ ಪ್ಲೇಸ್‌ಮೆಂಟ್ ಸೆಲ್ ನಡೆಸುವ ಎರಡು ದಿನಗಳ ಕಾರ್ಯಾಗಾರದಿಂದ ಇದು ಆಗದು. ವಿಷಯ ಪಾಠ ಮಾಡುವ ಅಧ್ಯಾಪಕರು ಮೊದಲ ವರ್ಷದಿಂದಲೇ, ತಮ್ಮ ವಿಷಯದ ಮೂಲಕವೇ ಇದನ್ನು ಮಾಡಬೇಕು, ಮತ್ತು ವಿಶ್ವವಿದ್ಯಾಲಯವು ಅದನ್ನು ಅವರ ಕಾರ್ಯಭಾರದಲ್ಲಿ ಎಣಿಸಬೇಕು. ಕೊನೆಯ ಮಾತಿಲ್ಲದಿದ್ದರೆ ಮೊದಲಿನವೆಲ್ಲ ಬರಿಯ ಉಪದೇಶವಾಗುತ್ತವೆ.

ಈ ಕಾಳಜಿ ಹೊಸದೇನಲ್ಲ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ, ಸೇನೆಯಿಂದ ಬಿಡುಗಡೆಯಾಗುವವರಿಗೆ ಕೆಲಸ ಹುಡುಕಿಕೊಡಲು 1945ರಲ್ಲಿ ಶುರುವಾದ ವ್ಯವಸ್ಥೆಯೇ ನಮ್ಮ ಉದ್ಯೋಗ ವಿನಿಮಯ ಕೇಂದ್ರಗಳ ಮೂಲ. ಅದರ ಕೊಂಬೆಯಾಗಿ ವಿಶ್ವವಿದ್ಯಾಲಯಗಳ ಆವರಣದಲ್ಲಿ ಉದ್ಯೋಗ ಮಾಹಿತಿ ಮತ್ತು ಮಾರ್ಗದರ್ಶನ ಕೇಂದ್ರಗಳು ಹುಟ್ಟಿಕೊಂಡವು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಮಾರ್ಗದರ್ಶನವನ್ನು ಶಿಕ್ಷಣದ ಅವಿಭಾಜ್ಯ ಅಂಗವೆಂದು ಕರೆದು, ಉನ್ನತ ಶಿಕ್ಷಣದಲ್ಲಿ ಸಾವಿರ ವಿದ್ಯಾರ್ಥಿಗಳಿಗೆ ಒಬ್ಬರಾದರೂ ಆಪ್ತಸಲಹೆಗಾರರು ಇರಬೇಕೆಂದು ಶಿಫಾರಸು ಮಾಡಿತು. ಅರವತ್ತು ವರ್ಷಗಳಾದವು. ಆ ಪ್ರಮಾಣವನ್ನು ಮುಟ್ಟಿದ ಸರ್ಕಾರಿ ಪ್ರಥಮ ದರ್ಜೆ ಕಾಲೇಜನ್ನು ಹುಡುಕಿ ತೋರಿಸುವುದು ಇಂದಿಗೂ ಕಷ್ಟ. ಈ ನಡುವೆ ಎಂಜಿನಿಯರಿಂಗ್ ಕಾಲೇಜುಗಳಿಗೆ ಸಾಫ್ಟ್‌ವೇರ್ ಕಂಪನಿಗಳು ಬಂದು ಒಂದೇ ದಿನದಲ್ಲಿ ನೂರಾರು ಮಂದಿಯನ್ನು ಆರಿಸಿಕೊಂಡು ಹೋಗುವ ಪದ್ಧತಿ ಬೆಳೆಯಿತು. ಪ್ಲೇಸ್‌ಮೆಂಟ್ ಸೆಲ್ ಎಂಬ ಏರ್ಪಾಟು ಬಲಗೊಂಡದ್ದು ಆ ಪದ್ಧತಿಯ ಜೊತೆಯಲ್ಲಿ, ಅದರ ಅನುಕೂಲಕ್ಕೆ. ಆಮೇಲೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಎಷ್ಟು ಮಂದಿಗೆ ಕೆಲಸವಾಯಿತು ಎಂಬ ಪ್ರಶ್ನೆ ಸೇರಿತು, ರಾಷ್ಟ್ರೀಯ ರ್‍ಯಾಂಕಿಂಗಿನಲ್ಲಿ ಪದವೀಧರರ ಸಂಬಳದ ಮಧ್ಯಮಾಂಕವೂ ಸೇರಿತು. ಹೀಗೆ ಎಣಿಸಬಹುದಾದದ್ದು ಮುಂದೆ ಬಂದು, ಎಣಿಸಲಾಗದ ಕಲಿಕೆ ಹಿಂದೆ ಸರಿಯಿತು. ಸಿಂಧನೂರಿನಲ್ಲೋ ಹೊಸದುರ್ಗದಲ್ಲೋ ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವ ವಿದ್ಯಾರ್ಥಿನಿಯನ್ನು ಹುಡುಕಿಕೊಂಡು ಯಾವ ಕಂಪನಿಯೂ ಬಸ್ಸು ಹತ್ತಿ ಬರುವುದಿಲ್ಲ. ದೇಶದ ಪದವಿ ವಿದ್ಯಾರ್ಥಿಗಳಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಜನ ಕಲಾ ವಿಭಾಗದವರು ಎಂದು 2021-22ರ ಉನ್ನತ ಶಿಕ್ಷಣ ಸಮೀಕ್ಷೆ ಹೇಳುತ್ತದೆ. ಎಂಜಿನಿಯರಿಂಗ್ ಓದುವವರು ಶೇ. 12ರಷ್ಟು. ಸಣ್ಣ ಪಾಲಿಗೆ ಹೊಂದಿದ ವ್ಯವಸ್ಥೆಯನ್ನು ದೊಡ್ಡ ಪಾಲಿಗೆ ತೊಡಿಸಲು ಹೊರಟಿದ್ದೇವೆ.

ಹಾಗಾದರೆ ಕಲಿಸಬೇಕಾದದ್ದು ಯಾವುದು? ಬ್ರಿಟನ್ನಿನಲ್ಲಿ ಬಿಲ್ ಲಾ ಮತ್ತು ಟೋನಿ ವಾಟ್ಸ್ 1977ರಲ್ಲೇ ಇದನ್ನು ನಾಲ್ಕು ಕಲಿಕೆಗಳಾಗಿ ಬಿಡಿಸಿ ಹೇಳಿದ್ದರು: ತನ್ನನ್ನು ಅರಿಯುವುದು, ಅವಕಾಶಗಳನ್ನು ಅರಿಯುವುದು, ತೀರ್ಮಾನಿಸಲು ಕಲಿಯುವುದು, ದಾಟಲು ಕಲಿಯುವುದು. ಈ ಶತಮಾನದ ಆರಂಭದಲ್ಲಿ ಪೀಟರ್ ನೈಟ್ ಮತ್ತು ಮಾಂಟ್ಜ್ ಯಾರ್ಕ್ ಇನ್ನೊಂದು ಮುಖ್ಯ ಮಾತು ಸೇರಿಸಿದರು. ವಿಷಯದ ಆಳವಾದ ತಿಳಿವಳಿಕೆ, ಅದನ್ನು ಬಳಸುವ ಕೌಶಲ, ನನ್ನಿಂದ ಇದು ಸಾಧ್ಯ ಎಂಬ ನಂಬಿಕೆ, ತಾನು ಹೇಗೆ ಕಲಿಯುತ್ತಿದ್ದೇನೆ ಎಂದು ನೋಡಿಕೊಳ್ಳುವ ಅರಿವು, ಈ ನಾಲ್ಕೂ ಸೇರಿದರೆ ಅದೇ ಉದ್ಯೋಗಾರ್ಹತೆ. ಆದ್ದರಿಂದ ಒಳ್ಳೆಯ ಬೋಧನೆಗೂ ಉದ್ಯೋಗಾರ್ಹತೆಗೂ ಜಗಳವಿಲ್ಲ ಎಂಬುದು ಅವರ ನಿಲುವು. ಆಸ್ಟ್ರೇಲಿಯದ ರೂತ್ ಬ್ರಿಜ್‌ಸ್ಟಾಕ್ 2009ರ ಲೇಖನದಲ್ಲಿ, ವಿಶ್ವವಿದ್ಯಾಲಯಗಳು ಸಂವಹನ, ತಂಡದ ಕೆಲಸ ಎಂದು ಕೌಶಲಗಳ ಪಟ್ಟಿ ಮಾಡುತ್ತ ವೃತ್ತಿಜೀವನವನ್ನು ತಾನೇ ನಿಭಾಯಿಸುವ ಶಕ್ತಿಯನ್ನು ಮರೆತಿವೆ, ಅದನ್ನು ಪದವಿಯ ಆರಂಭದಿಂದಲೇ ಬೆಳೆಸಬೇಕು ಎಂದು ವಾದಿಸಿದರು. ನೈಟ್ ಮತ್ತು ಯಾರ್ಕ್ ಹೇಳಿದ ನಾಲ್ಕರಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ಬೇಕಾದದ್ದು ನನ್ನಿಂದ ಇದು ಸಾಧ್ಯ ಎಂಬ ಆ ನಂಬಿಕೆ ಎಂದು ನನ್ನ ತಿಳಿವಳಿಕೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳು ತಮಗೆ ಏನು ಬರುವುದಿಲ್ಲ ಎಂಬುದನ್ನು ತಡವರಿಸದೆ ಹೇಳುತ್ತಾರೆ. ಏನು ಬರುತ್ತದೆ ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಇಂಗ್ಲಿಷ್ ಬಾರದು ಎಂಬ ಒಂದೇ ಭಯ ಉಳಿದೆಲ್ಲ ಬಲ್ಲತನವನ್ನೂ ಮುಚ್ಚಿಬಿಟ್ಟಿರುತ್ತದೆ. ಇಂಗ್ಲಿಷ್ ಬೇಕು, ಅದನ್ನು ಕಲಿಸಲೇಬೇಕು. ಆದರೆ ಆ ಭಯವನ್ನು ತೆಗೆಯದೆ ಇಂಗ್ಲಿಷನ್ನೂ ಕಲಿಸಲಾಗದು.

ಇಲ್ಲಿ ತರಗತಿಯ ಅಧ್ಯಾಪಕರು ಮಾಡಬಹುದಾದ ಕೆಲಸ ಯಾವ ಹೊರಗಿನ ತರಬೇತುದಾರರಿಗೂ ಸಾಧ್ಯವಿಲ್ಲ. ರಾಷ್ಟ್ರೀಯ ಸೇವಾ ಯೋಜನೆಯನ್ನೇ (ಎನ್‌ಎಸ್‌ಎಸ್) ನೋಡಿ. 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಈ ಯೋಜನೆಯ ಏಳು ದಿನಗಳ ಶಿಬಿರ ಇಂದು ಕಾಲೇಜು ಜೀವನದ ಭಾಗವೇ ಆಗಿದೆ. ಶಿಬಿರದ ಹಳ್ಳಿಯಲ್ಲಿ ಮನೆಮನೆ ಸಮೀಕ್ಷೆ ಮಾಡಿದ ವಿದ್ಯಾರ್ಥಿ ಅಪರಿಚಿತರ ಜೊತೆ ಮಾತು ಆರಂಭಿಸಿದ್ದಾನೆ, ಹೇಳಲು ಹಿಂಜರಿಯುವವರಿಂದ ಮಾಹಿತಿ ಪಡೆದಿದ್ದಾನೆ, ಅದನ್ನು ಕೋಷ್ಟಕಕ್ಕೆ ಇಳಿಸಿದ್ದಾನೆ, ನಲವತ್ತು ಜನರ ಅಡುಗೆಗೆ ಲೆಕ್ಕ ಬರೆದಿದ್ದಾನೆ. ಬಯೊಡೇಟಾದಲ್ಲಿ ಇದೆಲ್ಲ ಎನ್‌ಎಸ್‌ಎಸ್ ಸ್ವಯಂಸೇವಕ ಎಂಬ ಒಂದು ಸಾಲಾಗಿ ಮುಗಿಯುತ್ತದೆ. ಶಿಬಿರ ಮುಗಿದ ವಾರ ಶಿಬಿರಾಧಿಕಾರಿಗಳು ಎಲ್ಲರನ್ನೂ ಕೂರಿಸಿಕೊಂಡು, ನೀನು ಏನು ಮಾಡಿದೆ, ಎಲ್ಲಿ ತೊಡಕಾಯಿತು, ಹೇಗೆ ಬಿಡಿಸಿಕೊಂಡೆ ಎಂದು ಬರೆಸಿದರೆ, ಸಂದರ್ಶನದಲ್ಲಿ ಬಾಯಿ ಕಟ್ಟುವ ಹುಡುಗನಿಗೆ ಹೇಳಲು ತನ್ನದೇ ಅನುಭವ ಇರುತ್ತದೆ. ಇತಿಹಾಸದ ಅಧ್ಯಾಪಕರು ತಾಲ್ಲೂಕಿನ ಶಾಸನಗಳ ಪಟ್ಟಿ ಮಾಡಿಸಿದಾಗ ದಾಖಲೆ ನಿರ್ವಹಣೆ, ವಸ್ತುಸಂಗ್ರಹಾಲಯ, ಪ್ರವಾಸೋದ್ಯಮ, ಮೂರರ ಬಾಗಿಲೂ ಕಾಣಿಸಬಹುದು. ಭೂಗೋಳದ ವಿದ್ಯಾರ್ಥಿಗೆ ಸ್ಯಾಟಲೈಟ್ ನಕಾಶೆಯ ಕೆಲಸ ಸರ್ವೆ ಇಲಾಖೆಯಲ್ಲಿ ಮಾತ್ರವಲ್ಲ, ಕೃಷಿ ವಿಮೆ ನೀಡುವ ಕಂಪನಿಗಳಲ್ಲೂ ಇದೆ ಎಂದು ಪಾಠದ ನಡುವೆಯೇ ಹೇಳಬಹುದು. ಕನ್ನಡ ಎಂ.ಎ. ಮಾಡಿದವರು ಶಾಲೆ ಕಾಲೇಜುಗಳ ಹುದ್ದೆಗಳನ್ನಷ್ಟೇ ನೋಡುತ್ತ ಕುಳಿತಿರುವಾಗ, ಅನುವಾದ, ಕರಡು ತಿದ್ದುವುದು, ಸಬ್‌ಟೈಟಲ್, ಡಬ್ಬಿಂಗ್ ಬರವಣಿಗೆ, ಕಂಪ್ಯೂಟರಿಗೆ ಕನ್ನಡ ಕಲಿಸಲು ಬೇಕಾದ ಪಠ್ಯ ಮತ್ತು ಧ್ವನಿಯ ಪರಿಶೀಲನೆ, ಇವುಗಳಿಗೆ ಕನ್ನಡವನ್ನು ಚೆನ್ನಾಗಿ ಬಲ್ಲವರು ಬೇಕಾಗಿದ್ದಾರೆ. ಈ ಕೆಲಸಗಳಲ್ಲಿ ಹಲವು ಗುತ್ತಿಗೆಯವು, ಸಂಬಳ ಅನಿಶ್ಚಿತ. ಅದನ್ನೂ ಮುಚ್ಚಿಡದೆ ಹೇಳುವುದೇ ಮಾರ್ಗದರ್ಶನ. ನೇಮಕಾತಿ ಪತ್ರವನ್ನು ಹೇಗೆ ಓದಬೇಕು, ಭವಿಷ್ಯನಿಧಿಗೆ ಕಡಿತವಾಗುತ್ತಿದೆಯೇ ಎಂದು ಹೇಗೆ ನೋಡಬೇಕು, ಮೂಲ ಅಂಕಪಟ್ಟಿ ಒಪ್ಪಿಸು ಎಂದರೆ ಏನು ಹೇಳಬೇಕು, ಕೆಲಸ ಕೊಡಿಸುತ್ತೇವೆ, ಠೇವಣಿ ಕಟ್ಟಿ ಎನ್ನುವವರಿಂದ ಹೇಗೆ ದೂರವಿರಬೇಕು, ಇವೂ ವೃತ್ತಿ ನಿಭಾಯಿಸುವ ಪಾಠಗಳೇ. ವಾಣಿಜ್ಯ ವಿಭಾಗದ ಅಧ್ಯಾಪಕರು ಇವನ್ನು ಒಂದು ಗಂಟೆಯಲ್ಲಿ ಇಡೀ ಕಾಲೇಜಿಗೆ ಕಲಿಸಬಲ್ಲರು.

ಅಧ್ಯಾಪಕರೇ ಏಕೆ ಬೇಕು ಎಂಬುದಕ್ಕೆ ಇನ್ನೊಂದು, ನನ್ನ ಮಟ್ಟಿಗೆ ಹೆಚ್ಚು ಗಟ್ಟಿಯಾದ ಕಾರಣವಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಮೆಸಾಚುಸೆಟ್ಸ್‌ನ ನ್ಯೂಟನ್ ಪಟ್ಟಣದಲ್ಲಿ 282 ಉದ್ಯೋಗಿಗಳನ್ನು ಅಧ್ಯಯನ ಮಾಡಿ 1974ರಲ್ಲಿ ಪುಸ್ತಕ ಬರೆದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸದ ಸುದ್ದಿ ಬಂದದ್ದು ಪರಿಚಯದವರಿಂದ, ಅದರಲ್ಲೂ ಹೆಚ್ಚಾಗಿ ಆಪ್ತರಿಂದಲ್ಲ, ಆಗೊಮ್ಮೆ ಈಗೊಮ್ಮೆ ಭೇಟಿಯಾಗುವವರಿಂದ. ನೆಂಟರಿಗೂ ಗೆಳೆಯರಿಗೂ ತಿಳಿದಿರುವುದು ನಮಗೂ ತಿಳಿದಿರುತ್ತದೆ, ಹೊಸ ಸುದ್ದಿ ದೂರದವರ ಬಳಿ ಇರುತ್ತದೆ. ಬೆಂಗಳೂರಿನ ವೈದ್ಯರ ಮಗಳಿಗೆ ಅಂಥ ದೂರದ ಪರಿಚಯಗಳು ಹುಟ್ಟಿನಿಂದಲೇ ಬಂದಿರುತ್ತವೆ. ಕೂಲಿಯವರ ಮಗಳಿಗೆ ಅಂಥ ಪರಿಚಯ ಅಂತಿದ್ದರೆ ಅದು ಅವಳ ಅಧ್ಯಾಪಕರು ಮಾತ್ರ. ಅಶ್ವಿನಿ ದೇಶಪಾಂಡೆ ಮತ್ತು ಕ್ಯಾಥರೀನ್ ನ್ಯೂಮನ್ ದೆಹಲಿಯ ವಿಶ್ವವಿದ್ಯಾಲಯಗಳ ದಲಿತ ಮತ್ತು ದಲಿತೇತರ ವಿದ್ಯಾರ್ಥಿಗಳನ್ನು ಹೋಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಬೇರೆ ಬದಿಯಿಂದ ತೋರಿಸಿತು. ಒಂದೇ ಬಗೆಯ ಪದವಿ ಪಡೆದರೂ ದಲಿತ ವಿದ್ಯಾರ್ಥಿಗಳಿಗೆ ಸಂಪರ್ಕಗಳ ನೆರವು ಕಡಿಮೆ, ಸಂದರ್ಶನದಲ್ಲಿ ಮನೆತನದ ಹಿನ್ನೆಲೆಯ ಪ್ರಶ್ನೆ ಎದುರಾದಾಗ ಇಕ್ಕಟ್ಟು ಹೆಚ್ಚು. ಕಾಲೇಜಿನ ಪ್ರತಿ ವಿಭಾಗವೂ ತನ್ನಲ್ಲಿ ಓದಿ ಹೋದವರು ಈಗ ಎಲ್ಲೆಲ್ಲಿ ಏನೇನು ಕೆಲಸದಲ್ಲಿದ್ದಾರೆ ಎಂಬ ಒಂದು ಪುಸ್ತಕ ಇಟ್ಟರೆ, ಅದು ಈಗ ಓದುತ್ತಿರುವವರಿಗೆ ಸಿಗುವ ಮೊದಲ ಸಂಪರ್ಕಜಾಲ. ಹಳೆಯ ವಿದ್ಯಾರ್ಥಿಗಳ ಸಂಘವೆಂದರೆ ಸುವರ್ಣ ಮಹೋತ್ಸವಕ್ಕೆ ದೇಣಿಗೆ ಎತ್ತುವ ಸಂಘವೆಂದೇ ನಮ್ಮಲ್ಲಿ ರೂಢಿ. ಅದು ಬದಲಾಗಬೇಕು.

ಸ್ಪರ್ಧಾತ್ಮಕ ಪರೀಕ್ಷೆಗಳ ವಿಷಯವನ್ನು ಇಲ್ಲಿ ಬಿಟ್ಟರೆ ಕರ್ನಾಟಕದ ಚಿತ್ರ ಅಪೂರ್ಣ. 2024ರಲ್ಲಿ ಕೆಪಿಎಸ್‌ಸಿ ಕರೆದ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಎರಡು ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. ಆಗಸ್ಟಿನಲ್ಲಿ ನಡೆದ ಪೂರ್ವಭಾವಿ ಪರೀಕ್ಷೆಯನ್ನು ಕನ್ನಡ ಭಾಷಾಂತರದ ತಪ್ಪುಗಳಿಂದಾಗಿ ಡಿಸೆಂಬರಿನಲ್ಲಿ ಮತ್ತೆ ನಡೆಸಬೇಕಾಯಿತು. ಅದಕ್ಕೂ ಮುಂಚೆ 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಅಕ್ರಮದಿಂದಾಗಿ 2022ರಲ್ಲಿ ರದ್ದಾಗಿ, ಮರುಪರೀಕ್ಷೆ 2024ರ ಜನವರಿಗೆ ಬಂತು. ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಪಿಜಿಯ ಮಂಚವೊಂದರ ಮೇಲೆ ಪುಸ್ತಕ ಹರಡಿಕೊಂಡು ವರ್ಷಗಟ್ಟಲೆ ಕಾಯುವ ಆ ಮಕ್ಕಳನ್ನು ಹುಂಬರೆಂದು ಕರೆಯುವುದು ಅನ್ಯಾಯ. ಸರ್ಕಾರಿ ಕೆಲಸದಲ್ಲಿ ಅವರು ಅರಸುವುದು ಭದ್ರತೆಯನ್ನು ಮತ್ತು ಮರ್ಯಾದೆಯನ್ನು; ಎರಡೂ ಖಾಸಗಿ ವಲಯದ ಮೊದಲ ಮೆಟ್ಟಿಲಲ್ಲಿ ವಿರಳ. ಆದರೆ ಎಷ್ಟು ಪ್ರಯತ್ನ, ಎಷ್ಟು ವರ್ಷ, ಜೊತೆಯಲ್ಲಿ ಯಾವ ಕೆಲಸ, ಆಗದಿದ್ದರೆ ಮುಂದೇನು ಎಂಬ ಪ್ರಶ್ನೆಗಳನ್ನು ಶುಲ್ಕ ಪಡೆಯುವ ಕೋಚಿಂಗ್ ಕೇಂದ್ರ ಕೇಳಲಿ ಎಂದು ನಿರೀಕ್ಷಿಸಲಾಗದು. ಕೇಳಬಲ್ಲವರು ಅಧ್ಯಾಪಕರು. ಪರೀಕ್ಷೆ ಬರೆಯಬೇಡ ಎಂದು ಹೇಳುವುದು ಅವರ ಕೆಲಸವಲ್ಲ, ಗಡುವೊಂದನ್ನು ವಿದ್ಯಾರ್ಥಿಯೇ ಹಾಕಿಕೊಳ್ಳುವಂತೆ ಮಾಡುವುದು ಅವರ ಕೆಲಸ.

ಇನ್ನು ಆಕ್ಷೇಪಗಳು. ವಿಶ್ವವಿದ್ಯಾಲಯ ಇರುವುದು ಜ್ಞಾನಕ್ಕಾಗಿ, ನೌಕರರನ್ನು ತಯಾರಿಸುವುದಕ್ಕಲ್ಲ ಎಂಬುದು ಮೊದಲನೆಯದು. ಈ ಮಾತಿನ ಹಿಂದಿನ ಆತಂಕ ನನಗೂ ಇದೆ. ಕಂಪನಿಗಳು ಇಂದು ಬೇಡುವ ಸಾಫ್ಟ್‌ವೇರ್ ಬಳಕೆಯನ್ನೇ ಪದವಿಯೆಂದು ಕರೆದು, ಇತಿಹಾಸ ಸಾಹಿತ್ಯಗಳ ಗಂಟೆಗಳನ್ನು ಕತ್ತರಿಸುವ ಸುಧಾರಣೆಗಳನ್ನು ವಿರೋಧಿಸಲೇಬೇಕು. ನಾನು ಹೇಳುತ್ತಿರುವುದು ಅದಕ್ಕೆ ತದ್ವಿರುದ್ಧ. ಬಳಸುವ ಉಪಕರಣ ಐದು ವರ್ಷಕ್ಕೆ ಹಳತಾಗುತ್ತದೆ. ಆಕರವನ್ನು ಪರೀಕ್ಷಿಸುವ, ಎರಡು ವಾದಗಳನ್ನು ತೂಗುವ, ಬರೆದದ್ದನ್ನು ತಿದ್ದಿ ಬರೆಯುವ ಅಭ್ಯಾಸ ಹಳತಾಗುವುದಿಲ್ಲ. ಆ ಅಭ್ಯಾಸವನ್ನು ನಿಜವಾಗಿ ಕಲಿಸುವುದು ಮತ್ತು ಕಲಿತಿದ್ದೇನೆಂದು ವಿದ್ಯಾರ್ಥಿಗೆ ಮನವರಿಕೆ ಮಾಡಿಸುವುದು, ಎರಡೂ ಜ್ಞಾನದ ಕೆಲಸವೇ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಪ್ರಚಾರೋಪನ್ಯಾಸಗಳಿಗಾಗಿ ಊರೂರಿಗೆ ಹೋಗಿ ವಿಜ್ಞಾನ, ಆರೋಗ್ಯ, ಅರ್ಥಶಾಸ್ತ್ರಗಳನ್ನು ಕನ್ನಡದಲ್ಲಿ ತಿಳಿಹೇಳಿದಾಗ, ಜ್ಞಾನದ ಗೌರವ ಕುಗ್ಗಿತೆಂದು ಯಾರಿಗೂ ಅನ್ನಿಸಲಿಲ್ಲ. ತರಗತಿಯ ಗೋಡೆಯಾಚೆಗೆ ವಿದ್ಯೆ ಏನಾಗುತ್ತದೆ ಎಂಬ ಕಾಳಜಿ ನಮ್ಮ ಅಧ್ಯಾಪಕ ಪರಂಪರೆಯಲ್ಲೇ ಇದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಕೆಲಸಗಳೇ ಇಲ್ಲದಿರುವಾಗ ಕೌಶಲದ ಮಾತು ಆಡುವುದೆಂದರೆ ವ್ಯವಸ್ಥೆಯ ತಪ್ಪನ್ನು ವಿದ್ಯಾರ್ಥಿಯ ತಲೆಗೆ ಕಟ್ಟಿದಂತೆ ಎನ್ನುತ್ತಾರೆ. ಪೂರ್ವಗ್ರಹವೂ ಅಷ್ಟೇ ನಿಜ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರ ಅಧ್ಯಯನದಲ್ಲಿ ಪತ್ರಿಕಾ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು, ಹೆಸರಷ್ಟೇ ಬದಲಿಸಿ ಕಳುಹಿಸಿದರು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದೇ ಪಾಲು.  ಅರ್ಜಿಯನ್ನು ಎಷ್ಟೇ ಅಂದವಾಗಿ ಬರೆದರೂ ಹೆಸರು ನೋಡಿ ಬದಿಗಿಡುವವರನ್ನು ಬಯೊಡೇಟಾ ತಿದ್ದಲಾರದು, ಹೊಸ ಹುದ್ದೆಗಳನ್ನು ಸೃಷ್ಟಿಸಲೂ ಆರದು. ಇದಕ್ಕೆ ಆರ್ಥಿಕ ನೀತಿ, ಕಾನೂನು, ಖಾಲಿ ಹುದ್ದೆಗಳ ಭರ್ತಿ ಬೇಕು. ಅಧ್ಯಾಪಕರು ಅದನ್ನು ಗಟ್ಟಿಯಾಗಿ ಹೇಳಲೂಬೇಕು. ಹಾಗಿದ್ದೂ, ಇರುವ ಅವಕಾಶಗಳು ಈಗ ಯಾರಿಗೆ ಹೋಗುತ್ತಿವೆ ಎಂಬ ಪ್ರಶ್ನೆ ಉಳಿಯುತ್ತದೆ. ಮಾರ್ಗದರ್ಶನ ಮನೆಯಲ್ಲೇ ಸಿಗುವವರಿಗೆ ಕಾಲೇಜು ಅದನ್ನು ಕೊಡದಿದ್ದರೂ ನಷ್ಟವಿಲ್ಲ. ಕೊಡದಿದ್ದರೆ ಕಳೆದುಕೊಳ್ಳುವವರು ಮನೆಯಲ್ಲಿ ಸಿಗದವರು. ಅನ್ಯಾಯದ ಮಾರುಕಟ್ಟೆಯಲ್ಲಿ ಮಾಹಿತಿಯೂ ಇಲ್ಲದೆ ನಿಲ್ಲುವುದು ಇಮ್ಮಡಿ ಅನ್ಯಾಯ. ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ನೀಡಿದ ಯುವನಿಧಿ ಯೋಜನೆ, ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ಗರಿಷ್ಠ ಎರಡು ವರ್ಷ ತಿಂಗಳಿಗೆ 3000 ರೂಪಾಯಿ ಕೊಡುತ್ತದೆ. ಈ ಹಣ ಹುಡುಕಾಟದ ಕಾಲಕ್ಕೆ ಆಸರೆ. ಆ ಎರಡು ವರ್ಷ ಅವರು ಓದಿದ ಕಾಲೇಜಿನ ಸಂಪರ್ಕವೂ ಉಳಿದರೆ ಆ ಆಸರೆಗೆ ದಿಕ್ಕೂ ಸೇರುತ್ತದೆ. ಕೆಲಸದ ಸ್ಥಳದಲ್ಲೇ ತರಬೇತಿ ಕೊಡಿಸುವ 1961ರ ಅಪ್ರೆಂಟಿಸ್ ಕಾಯ್ದೆ 1973ರಲ್ಲಿ ಎಂಜಿನಿಯರಿಂಗ್ ಪದವೀಧರರಿಗೆ, 2014ರ ತಿದ್ದುಪಡಿಯಿಂದ ಇತರ ಪದವೀಧರರಿಗೂ ತೆರೆದಿದೆ. ಬಿ.ಎ., ಬಿ.ಕಾಂ. ಓದುವ ಎಷ್ಟು ಮಂದಿಗೆ ಇದು ಗೊತ್ತಿದೆ? ಕಾನೂನು ತೆರೆದ ಬಾಗಿಲನ್ನು ತೋರಿಸಲು ಹೊಸ ಅನುದಾನ ಬೇಕಿಲ್ಲ.

ಮೂರನೆಯ ಆಕ್ಷೇಪವನ್ನು ಅಧ್ಯಾಪಕರೇ ಎತ್ತುತ್ತಾರೆ, ಎತ್ತುವುದು ನ್ಯಾಯವೂ ಹೌದು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಪಠ್ಯಕ್ರಮ ಬದಲಾಯಿತು, 2024ರಲ್ಲಿ ಮೂರು ವರ್ಷದ ಪದವಿಗೆ ಮರಳುತ್ತ ಮತ್ತೆ ಬದಲಾಯಿತು. ಮೌಲ್ಯಮಾಪನ, ನ್ಯಾಕ್ ಕಡತ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಅವರ ಮೇಜಿನ ಮೇಲೆ ಬೀಳುತ್ತವೆ. ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಪಾಲನ್ನು ಹೊತ್ತಿರುವವರು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ತಮ್ಮದೇ ಮುಂದಿನ ವರ್ಷ ಏನೆಂದು ತಿಳಿಯದವರು ವಿದ್ಯಾರ್ಥಿಯ ಮುಂದಿನ ದಾರಿಯನ್ನು ಹೇಗೆ ತೋರಿಸಬೇಕು? ಇದಕ್ಕೆ ಉತ್ತರ ಅಧ್ಯಾಪಕರ ತ್ಯಾಗವಲ್ಲ, ಆಡಳಿತದ ತೀರ್ಮಾನ. ಯುಜಿಸಿಯ 2018ರ ನಿಯಮಗಳ ಪ್ರಕಾರ ಸಹಾಯಕ ಪ್ರಾಧ್ಯಾಪಕರ ನೇರ ಬೋಧನೆ ವಾರಕ್ಕೆ 16 ಗಂಟೆ. ಅದರಲ್ಲಿ ಎರಡು ಗಂಟೆಯನ್ನು ವೇಳಾಪಟ್ಟಿಯಲ್ಲೇ ವಿದ್ಯಾರ್ಥಿ ಮಾರ್ಗದರ್ಶನಕ್ಕೆಂದು ಬರೆದು, ಅತಿಥಿ ಉಪನ್ಯಾಸಕರಿಗಾದರೆ ಆ ಗಂಟೆಗಳಿಗೂ ಸಂಭಾವನೆ ಕೊಡಬೇಕು. ಮಾರ್ಗದರ್ಶನ ನಡೆಯಿತೆಂದು ದಾಖಲಿಸುವ ಮೆಂಟರ್ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಮುಗಿಸುವ ಈಗಿನ ಪದ್ಧತಿ ವಿದ್ಯಾರ್ಥಿಗೂ ಅಧ್ಯಾಪಕರಿಗೂ ಅವಮಾನ. ಯುಜಿಸಿ ರೂಪಿಸಿದ ಜೀವನ ಕೌಶಲ ಪಠ್ಯಕ್ರಮದಲ್ಲಿ ವೃತ್ತಿ ಕೌಶಲಗಳೂ ಸೇರಿವೆ. ಅಂಥ ಪತ್ರಿಕೆಯನ್ನು ಕಾರ್ಯಭಾರ ಕಡಿಮೆ ಬಿದ್ದವರಿಗೆ ಹಂಚಿಬಿಡುವ ಬದಲು, ಆಸಕ್ತಿಯಿಂದ ತರಬೇತಿ ಪಡೆದವರಿಗೆ ಒಪ್ಪಿಸಬೇಕು.

ಆ ತರಬೇತಿಗೆ ಜಾಗವೂ ಇದೆ. 1986ರ ಶಿಕ್ಷಣ ನೀತಿಯ ನಂತರ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳೆಂಬ ಹೆಸರಿನಲ್ಲಿ ಹುಟ್ಟಿ, ಈಗ ಮಾಳವೀಯ ಹೆಸರಿನ ಶಿಕ್ಷಕ ತರಬೇತಿ ಕೇಂದ್ರಗಳಾಗಿರುವ ಸಂಸ್ಥೆಗಳು ಮೈಸೂರಿನಲ್ಲೂ ಧಾರವಾಡದಲ್ಲೂ ಇವೆ. ಬಡ್ತಿಗಾಗಿ ಅಧ್ಯಾಪಕರು ಅಲ್ಲಿಗೆ ಹೋಗುತ್ತಾರೆ. ಅಲ್ಲಿನ ಓರಿಯೆಂಟೇಷನ್ ಮತ್ತು ರಿಫ್ರೆಷರ್ ಕೋರ್ಸುಗಳಲ್ಲಿ ಎರಡು ದಿನವನ್ನು ಇದಕ್ಕೆ ಮೀಸಲಿಟ್ಟು, ಉಪನ್ಯಾಸಗಳ ಬದಲು ಪ್ರತಿಯೊಬ್ಬರೂ ತಮ್ಮ ವಿಷಯದ ಒಂದು ಪತ್ರಿಕೆಯನ್ನು ತೆಗೆದುಕೊಂಡು, ಅದರಿಂದ ವಿದ್ಯಾರ್ಥಿ ಕಲಿಯುವ ಬಲ್ಲತನಗಳು ಯಾವುವು, ಅವು ಎಲ್ಲಿ ಬೇಕಾಗಿವೆ, ಆ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳು ಯಾರು ಎಂದು ಬರೆದು ತರುವಂತೆ ಮಾಡಬಹುದು. ಅವನ್ನು ಒಟ್ಟುಗೂಡಿಸಿ ಆಯಾ ವಿಷಯದ ಅಧ್ಯಯನ ಮಂಡಳಿಗೆ ಕೊಟ್ಟರೆ, ಮುಂದಿನ ಪಠ್ಯಕ್ರಮ ಪರಿಷ್ಕರಣೆಯಲ್ಲಿ ಪ್ರತಿ ಪತ್ರಿಕೆಯ ಕೊನೆಯಲ್ಲಿ ಇದಕ್ಕೊಂದು ಪುಟ ಸೇರಿಸಲು ಬೇಕಾದ ಸಾಮಗ್ರಿ ಮಂಡಳಿಯ ಕೈಯಲ್ಲಿರುತ್ತದೆ. ಮೊದಲ ವರ್ಷಕ್ಕೆ ಕನ್ನಡ, ಇತಿಹಾಸ, ವಾಣಿಜ್ಯ ಈ ಮೂರು ವಿಷಯಗಳನ್ನು ಆರಿಸಿಕೊಂಡರೆ ಸಾಕು. ನಮ್ಮ ಪದವಿ ಕಾಲೇಜುಗಳ ಬಹುಪಾಲು ತರಗತಿಗಳನ್ನು ಇವೇ ತಲುಪುತ್ತವೆ.